ಬಿರುಗಾಳಿಗಿಂತ ಮುಂದೆ ಓಡಿದ ಸುದ್ದಿ
(ಉಪನ್ಯಾಸವೊಂದರ ಬರಹ ರೂಪ)



ಹವಾಮಾನ ಇಲಾಖೆಯವರು ಮಳೆ ಬರುತ್ತದೆ ಎಂದರೆ ಕೊಡೆಯನ್ನು ಮನೆಯಲ್ಲೇ ಬಿಟ್ಟು ಹೋಗಬಹುದು ಎಂಬ ಹಾಸ್ಯ ನಮ್ಮಲ್ಲಿ ಹಳೆಯದು. ಹೇಳಿದ ದಿನ ಮಳೆ ಬಂದರೆ ಅದು ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ಬಾರದಿದ್ದರೆ ವಾರವಿಡೀ ಅದೇ ಮಾತು. ಈ ಹಾಸ್ಯಕ್ಕೆ ನೂರೈವತ್ತಕ್ಕೂ ಹೆಚ್ಚು ವರ್ಷ ವಯಸ್ಸಾಗಿದೆ. ಮುನ್ಸೂಚನೆ ಹುಟ್ಟಿದ ವರ್ಷವೇ ಅದರ ಬಗೆಗಿನ ನಗೆಯೂ ಹುಟ್ಟಿತು. ಆದರೆ ಮುನ್ಸೂಚನೆ ಹುಟ್ಟಿದ್ದು ಕೊಡೆ ಹಿಡಿಯುವವರಿಗಾಗಿ ಅಲ್ಲ, ಹಾಯಿ ಕಟ್ಟುವವರಿಗಾಗಿ. ಅದರ ಹಿಂದೆ ಮುಳುಗಿದ ಒಂದು ಹಡಗು, ಒಂದು ತಂತಿ ಜಾಲ, ಮತ್ತು ತನ್ನ ಕೆಲಸವನ್ನು ಅತಿಯಾಗಿ ಹಚ್ಚಿಕೊಂಡ ಒಬ್ಬ ಕಪ್ತಾನ ಇದ್ದಾನೆ.

ಮೊದಲು ಹಡಗಿನ ಕಥೆ. 1859ರ ಅಕ್ಟೋಬರ್ ತಿಂಗಳು. ಬ್ರಿಟನ್ನಿನಲ್ಲಿ ಚಳಿಗಾಲ ಹೊಸ್ತಿಲಿಗೆ ಬಂದಿತ್ತು. 'ರಾಯಲ್ ಚಾರ್ಟರ್' ಎಂಬ ಹಡಗು ಆಸ್ಟ್ರೇಲಿಯಾದ ಮೆಲ್ಬರ್ನಿನಿಂದ ಲಿವರ್‌ಪೂಲಿಗೆ ಮರಳುತ್ತಿತ್ತು. ಕಬ್ಬಿಣದ ಒಡಲು, ಎತ್ತರದ ಹಾಯಿಗಳು. ಗಾಳಿ ಬಿದ್ದಾಗ ನೆರವಿಗೆ ಒಂದು ಉಗಿಯಂತ್ರ. ಆ ಕಾಲದ ಹೊಸ ತಂತ್ರಜ್ಞಾನದ ಹೆಮ್ಮೆಯ ಕೂಸು ಅದು. ಪ್ರಯಾಣಿಕರಲ್ಲಿ ಅನೇಕರು ಆಸ್ಟ್ರೇಲಿಯಾದ ಚಿನ್ನದ ಗಣಿಗಳಲ್ಲಿ ದುಡಿದು, ಗಳಿಕೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಊರಿಗೆ ಹೊರಟವರು. ಹಡಗಿನ ಉಗ್ರಾಣದಲ್ಲೂ ಮೂರು ಲಕ್ಷ ಪೌಂಡಿಗೆ ಮಿಕ್ಕಿದ ಚಿನ್ನವಿತ್ತು. ಭೂಗೋಳದ ಅರ್ಧ ಸುತ್ತನ್ನು ಕ್ಷೇಮವಾಗಿ ಮುಗಿಸಿದ ಹಡಗಿಗೆ ಉಳಿದದ್ದು ಕೆಲವೇ ಗಂಟೆಗಳ ದಾರಿ.

ಅಕ್ಟೋಬರ್ 25ರ ರಾತ್ರಿ ವೇಲ್ಸ್‌ನ ಆಂಗಲ್‌ಸೀ ದ್ವೀಪದ ಬಳಿ ಬಿರುಗಾಳಿ ಅದನ್ನು ಹಿಡಿಯಿತು. ಪೂರ್ವದಿಂದ ಬೀಸುತ್ತಿದ್ದ ಗಾಳಿ ಈಶಾನ್ಯಕ್ಕೆ, ಅಲ್ಲಿಂದ ಉತ್ತರದ ಕಡೆಗೆ ತಿರುಗಿ ಹಡಗನ್ನು ಬಂಡೆಗಳ ದಡದತ್ತ ತಳ್ಳಿತು. ಲಂಗರುಗಳನ್ನು ಇಳಿಸಿದರು, ಸರಪಳಿಗಳು ಒಂದಾದ ಮೇಲೊಂದು ತುಂಡಾದವು. ಗಾಳಿಯ ಹಿಡಿತ ಕಡಿಮೆಯಾಗಲೆಂದು ಹಾಯಿಮರಗಳನ್ನು ಕಡಿದುಹಾಕಿದರು. ಉಗಿಯಂತ್ರಕ್ಕೆ ಅಷ್ಟು ಕಸುವಿರಲಿಲ್ಲ. ಬೆಳಗಾಗುವ ಹೊತ್ತಿಗೆ ಮೋಯೆಲ್‌ವ್ರೆ ಹಳ್ಳಿಯ ಬಂಡೆಗಳಿಗೆ ಬಡಿದು ಹಡಗು ಒಡೆಯಿತು. ದಡ ಕಣ್ಣೆದುರಿಗೇ ಇತ್ತು. ಮಾಲ್ಟಾ ದ್ವೀಪದ ನಾವಿಕನೊಬ್ಬ ಸೊಂಟಕ್ಕೆ ಹಗ್ಗ ಬಿಗಿದು ಆ ಅಲೆಗಳಲ್ಲಿ ಈಜಿ ದಡ ಮುಟ್ಟಿದ. ಆ ಹಗ್ಗದ ನೆರವಿನಿಂದ ಕೆಲವರು ಬದುಕಿದರು. ಹೀಗೆ ಉಳಿದವರು ಒಟ್ಟು ನಲವತ್ತರಷ್ಟು ಗಂಡಸರು ಮಾತ್ರ. ಒಬ್ಬ ಹೆಂಗಸೂ ಉಳಿಯಲಿಲ್ಲ, ಒಂದು ಮಗುವೂ ಉಳಿಯಲಿಲ್ಲ. ಸತ್ತವರು ಸುಮಾರು 450 ಮಂದಿ. ಕೆಲವರನ್ನು ನೀರಿನಡಿಗೆ ಎಳೆದದ್ದು ಅವರ ಸೊಂಟದಲ್ಲಿದ್ದ ಚಿನ್ನವೇ ಎಂದು ಜನ ಬಹುಕಾಲ ಹೇಳಿಕೊಂಡರು. ಅದೇ ಬಿರುಗಾಳಿಗೆ ಬ್ರಿಟನ್ನಿನ ಸುತ್ತ 133 ಹಡಗುಗಳು ಮುಳುಗಿದವು. ಒಟ್ಟು ಸುಮಾರು ಎಂಟು ನೂರು ಜೀವಗಳು ಹೋದವು.

ಈ ಸುದ್ದಿ ದೇಶವನ್ನು ಕಲಕಿತು. ಕಾದಂಬರಿಕಾರ ಚಾರ್ಲ್ಸ್ ಡಿಕೆನ್ಸ್ ಸ್ಥಳಕ್ಕೆ ಹೋಗಿ ಬಂದು ಬರೆದ. ಆದರೆ ಲಂಡನ್ನಿನ ಒಂದು ಸಣ್ಣ ಸರಕಾರಿ ಕಚೇರಿಯಲ್ಲಿ ಇನ್ನೊಬ್ಬ ಬೇರೆಯದೇ ಪ್ರಶ್ನೆ ಕೇಳಿಕೊಂಡ. ಈ ಬಿರುಗಾಳಿ ಏಕಾಏಕಿ ಆಂಗಲ್‌ಸೀಯಲ್ಲಿ ಹುಟ್ಟಿದ್ದಲ್ಲ. ದಕ್ಷಿಣದ ಕಾರ್ನ್‌ವಾಲ್, ಡೆವನ್ ತೀರಗಳನ್ನು ಮೊದಲೇ ಬಡಿದು, ಗಂಟೆಗಟ್ಟಲೆ ಸಮಯ ತೆಗೆದುಕೊಂಡು ಅದು ಉತ್ತರಕ್ಕೆ ಸಾಗಿತ್ತು. ದಕ್ಷಿಣದವರಿಗೆ ಗೊತ್ತಾದದ್ದು ಉತ್ತರದವರಿಗೆ ಏಕೆ ಗೊತ್ತಾಗಲಿಲ್ಲ?

ಹೀಗೆ ಕೇಳಿದವನ ಹೆಸರು ರಾಬರ್ಟ್ ಫಿಟ್ಜ್‌ರಾಯ್. ಈ ಹೆಸರು ಕೇಳಿದ್ದೇವಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಚಾರ್ಲ್ಸ್ ಡಾರ್ವಿನ್ 1831ರಿಂದ 1836ರವರೆಗೆ ಜಗತ್ತು ಸುತ್ತಿದ 'ಬೀಗಲ್' ಹಡಗಿನ ಕಪ್ತಾನ ಈತನೇ. ಡಾರ್ವಿನ್ ಆ ಪ್ರಯಾಣದಿಂದ ವಿಕಾಸವಾದದ ಬೀಜ ತಂದ. ಫಿಟ್ಜ್‌ರಾಯ್ ಗಾಳಿಯ ಧ್ಯಾನ ತಂದ. ಗಾಳಿಯ ಬಿರುಸನ್ನು 0ಯಿಂದ 12ರವರೆಗೆ ಅಳೆಯುವ ಮಾಪಕವನ್ನು ನೌಕಾಧಿಕಾರಿ ಫ್ರಾನ್ಸಿಸ್ ಬೋಫರ್ಟ್ 1806ರಲ್ಲಿ ರೂಪಿಸಿದ್ದ. ಹಡಗು ಎಷ್ಟು ಹಾಯಿ ತಡೆದುಕೊಳ್ಳಬಲ್ಲದು ಎಂಬುದೇ ಅದರ ಅಳತೆಗೋಲು. 12 ಎಂದರೆ ಯಾವ ಹಾಯಿಯೂ ನಿಲ್ಲದ ಗಾಳಿ. ಆ ಮಾಪಕವನ್ನು ಮೊದಲು ವಿಧಿವತ್ತಾಗಿ ಬಳಸಿದ್ದು ಬೀಗಲ್ ಹಡಗಿನ ಈ ಪ್ರಯಾಣದಲ್ಲೇ.

ಫಿಟ್ಜ್‌ರಾಯ್‌ಗೆ ಗಾಳಿಯ ಮೇಲೆ ಇಷ್ಟು ನಿಗಾ ಬರಲು ಕಾರಣವಿತ್ತು. 23ನೆಯ ವಯಸ್ಸಿನಲ್ಲಿ ಬೀಗಲ್‌ನ ಹೊಣೆ ಹೊತ್ತ ಹೊಸತರಲ್ಲೇ, 1829ರಲ್ಲಿ, ದಕ್ಷಿಣ ಅಮೆರಿಕದ ತೀರದಲ್ಲಿ ದಿಢೀರ್ ಬಿರುಗಾಳಿಗೆ ಸಿಕ್ಕಿ ಇಬ್ಬರು ನಾವಿಕರನ್ನು ಆತ ಕಳೆದುಕೊಂಡಿದ್ದ. ಅದಕ್ಕೆ ಮುಂಚೆ ವಾಯುಭಾರಮಾಪಕದ ಪಾದರಸ ಇಳಿದಿತ್ತು. ಇಳಿದ ಪಾದರಸವನ್ನು ನಂಬಿ ಹಾಯಿ ಇಳಿಸಲಿಲ್ಲವಲ್ಲ ಎಂಬ ಕೊರಗು ಆತನನ್ನು ಬಿಡಲಿಲ್ಲ.

1854ರಲ್ಲಿ ಬ್ರಿಟಿಷ್ ಸರಕಾರ ವಾಣಿಜ್ಯ ಮಂಡಳಿಯ ಕೆಳಗೆ ಒಂದು ಹವಾಮಾನ ವಿಭಾಗ ತೆರೆದು ಫಿಟ್ಜ್‌ರಾಯ್‌ನನ್ನು ಅದರ ಮುಖ್ಯಸ್ಥನನ್ನಾಗಿ ಮಾಡಿತು. ಕೈಕೆಳಗೆ ಬೆರಳೆಣಿಕೆಯ ಸಿಬ್ಬಂದಿ. ಕೆಲಸವೂ ಸಾಧಾರಣದ್ದೇ. ಹಡಗುಗಳಿಗೆ ಉಪಕರಣ ಕೊಡುವುದು, ಅವು ತಂದ ಗಾಳಿ ಲೆಕ್ಕವನ್ನು ಕೋಷ್ಟಕಗಳಲ್ಲಿ ತುಂಬುವುದು. ಮುಂದೇನಾಗುತ್ತದೆ ಎಂದು ಹೇಳು ಎಂದು ಯಾರೂ ಆತನನ್ನು ಕೇಳಿರಲಿಲ್ಲ. ಆದರೂ ಆತ ಬಡ ಮೀನುಗಾರರ ಹಳ್ಳಿಗಳಿಗೆ ಗಟ್ಟಿಯಾದ, ಸರಳವಾದ ವಾಯುಭಾರಮಾಪಕಗಳನ್ನು ಎರವಲಾಗಿ ಕಳಿಸಿದ. ಬಂದರಿನ ಗೋಡೆಗೆ ಅದನ್ನು ತೂಗುಹಾಕಬೇಕು. ದೋಣಿ ಇಳಿಸುವ ಮುಂಚೆ ಮೀನುಗಾರ ಒಮ್ಮೆ ನೋಡಿ ಹೋಗಬೇಕು. ಸ್ಕಾಟ್ಲೆಂಡಿನ ಕೆಲವು ಊರುಗಳಲ್ಲಿ ಅವು ಈಗಲೂ ಗೋಡೆಯ ಮೇಲಿವೆ.

ರಾಯಲ್ ಚಾರ್ಟರ್ ಮುಳುಗಿದ ಮೇಲೆ ಫಿಟ್ಜ್‌ರಾಯ್ ಆ ಬಿರುಗಾಳಿಯ ಜಾತಕ ಬರೆದ ಎನ್ನಬೇಕು. ತೀರದ ದೀಪಸ್ತಂಭಗಳಿಂದ, ಹಡಗುಗಳಿಂದ ಗಂಟೆಗಂಟೆಯ ವಿವರ ತರಿಸಿ ನಕ್ಷೆಯ ಮೇಲೆ ಗುರುತು ಹಾಕಿದ. ಆಗ ಬಿರುಗಾಳಿಯ ಆಕಾರ ಕಂಡಿತು. ಅದೊಂದು ದೊಡ್ಡ ಸುಳಿ. ನಡುವೆ ಒತ್ತಡ ಕಡಿಮೆ, ಸುತ್ತ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುವ ಗಾಳಿ. ಸುಳಿ ಸಾಗಿದಂತೆ ಒಂದೇ ಸ್ಥಳದಲ್ಲಿ ಗಾಳಿಯ ದಿಕ್ಕು ಬದಲಾಗುತ್ತದೆ. ಹಡಗನ್ನು ಬಂಡೆಯತ್ತ ತಳ್ಳಿದ್ದು ಇದೇ ತಿರುವು. ಭೂಮಧ್ಯರೇಖೆಯ ಉತ್ತರಕ್ಕಿರುವ ನಾವು ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡದ ಪ್ರದೇಶ ನಮ್ಮ ಎಡಗಡೆಗಿರುತ್ತದೆ ಎಂಬ ನಿಯಮವನ್ನು ಹಾಲೆಂಡಿನ ಬೈಸ್ ಬ್ಯಾಲೊಟ್ ಎಂಬ ವಿಜ್ಞಾನಿ 1857ರಲ್ಲಿ ಹೇಳಿದ್ದ.

ಅಂದಮೇಲೆ ಬಿರುಗಾಳಿ ದೈವದ ಮುನಿಸಲ್ಲ, ದಾರಿ ಹಿಡಿದು ಬರುವ ಪಯಣಿಗ. ಅದರ ಓಟ ಗಂಟೆಗೆ ಕೆಲವೇ ಹತ್ತು ಮೈಲಿಗಳು. ತಂತಿಯ ಸಂದೇಶವೋ ಕ್ಷಣಾರ್ಧದ್ದು. ಅಲ್ಲಿಯವರೆಗೆ ಬಿರುಗಾಳಿಯ ಸುದ್ದಿಯನ್ನು ಒಯ್ಯಲು ಕುದುರೆ, ಹಡಗುಗಳಷ್ಟೇ ಇದ್ದವು. ಬಹುಪಾಲು ಗಾಳಿಯೇ ಸುದ್ದಿಗಿಂತ ಮೊದಲು ಬಂದು ಮುಟ್ಟುತ್ತಿತ್ತು. ಮನುಷ್ಯನ ಇತಿಹಾಸದಲ್ಲಿ ಮೊದಲ ಬಾರಿಗೆ ಮಾತು ಗಾಳಿಯನ್ನು ಹಿಂದೆ ಹಾಕಿತು. ಇಂದು ನಾವು ಯಾವುದನ್ನು 'ಆನ್‌ಲೈನ್' ಎನ್ನುತ್ತೇವೋ ಅದರ ಮುತ್ತಜ್ಜ ಈ ತಂತಿ. ಅದು ಹೊತ್ತ ಮೊದಲ ಹಿರಿಯ ಹೊಣೆಗಳಲ್ಲಿ ಜೀವ ಉಳಿಸುವ ಈ ಕೆಲಸವೂ ಒಂದು.

1861ರ ಫೆಬ್ರವರಿಯ ಚಳಿಯಲ್ಲಿ ವ್ಯವಸ್ಥೆ ಶುರುವಾಯಿತು. ಬೆಳಿಗ್ಗೆ ತೀರದ ಊರುಗಳಿಂದ ಒತ್ತಡ, ಉಷ್ಣತೆ, ಗಾಳಿಯ ದಿಕ್ಕಿನ ವಿವರ ತಂತಿಯಲ್ಲಿ ಲಂಡನ್ನಿಗೆ ಬರುತ್ತಿತ್ತು. ಅಪಾಯ ಕಂಡರೆ ಬಂದರುಗಳಿಗೆ ತಂತಿ ಹೋಗುತ್ತಿತ್ತು. ಅಲ್ಲಿ ಕಂಬದ ಮೇಲೆ ಕ್ಯಾನ್ವಾಸ್ ಬಟ್ಟೆಯ ದೊಡ್ಡ ಶಂಕುವನ್ನೋ ಪೀಪಾಯಿಯನ್ನೋ ಏರಿಸುತ್ತಿದ್ದರು. ಶಂಕುವಿನ ತುದಿ ಮೇಲಿದ್ದರೆ ಉತ್ತರದ ಬಿರುಗಾಳಿ, ಕೆಳಗಿದ್ದರೆ ದಕ್ಷಿಣದ್ದು. ಪೀಪಾಯಿಯೂ ಶಂಕುವೂ ಜೊತೆಗಿದ್ದರೆ ಭಾರೀ ಅಪಾಯ. ರಾತ್ರಿಯಲ್ಲಿ ಅವುಗಳ ಬದಲು ಲಾಂದ್ರಗಳು. ಅಕ್ಷರ ಬಾರದ ಬೆಸ್ತನೂ ಮೈಲಿ ದೂರದಿಂದ ಓದಬಹುದಾದ ಭಾಷೆ ಇದು.

ಅದೇ ವರ್ಷ ಆಗಸ್ಟ್ 1ರಂದು 'ದಿ ಟೈಮ್ಸ್' ಪತ್ರಿಕೆಯಲ್ಲಿ ಸಾರ್ವಜನಿಕರಿಗಾಗಿ ಮೊದಲ ಹವಾಮಾನ ಮುನ್ಸೂಚನೆ ಅಚ್ಚಾಯಿತು. ಕೆಲವೇ ಸಾಲುಗಳು. ಇಂಗ್ಲಿಷಿನ 'ಫೋರ್‌ಕಾಸ್ಟ್' ಎಂಬ ಮಾತನ್ನು ಹವಾಮಾನಕ್ಕೆ ಹಚ್ಚಿದವನು ಫಿಟ್ಜ್‌ರಾಯ್. ಭವಿಷ್ಯವಾಣಿ ಎಂಬರ್ಥದ ಮಾತುಗಳನ್ನು ಆತ ಬೇಕೆಂದೇ ದೂರವಿಟ್ಟ. ತಾನು ಹೇಳುತ್ತಿರುವುದು ಕಣಿಯಲ್ಲ, ಲೆಕ್ಕದಿಂದ ತೆಗೆದ ಒಂದು ಅಭಿಪ್ರಾಯ ಎಂಬುದು ಆತನ ನಿಲುವು. ಎಚ್ಚರಿಕೆ ಎಂದರೆ ಆಜ್ಞೆಯೂ ಅಲ್ಲ. ಗಾಳಿ ಬರಬಹುದು, ನೋಡಿಕೊಂಡು ಹೊರಡಿ ಎಂದಷ್ಟೇ ಅದರ ಅರ್ಥ. ಹೊರಡುವುದೂ ಬಿಡುವುದೂ ಕಪ್ತಾನನಿಗೆ ಸೇರಿದ್ದು.

ಜನ ಈ ಸೂಕ್ಷ್ಮವನ್ನು ಕೇಳಿಸಿಕೊಳ್ಳಲಿಲ್ಲ. ಅಟ್ಲಾಂಟಿಕ್ ಸಾಗರದ ಕಡೆಯಿಂದ ಬರುವ ಗಾಳಿಯ ಸುದ್ದಿ ತಿಳಿಸಲು ಆಗ ಸಮುದ್ರದ ನಡುವೆ ಯಾರಿದ್ದರು? ಇದ್ದ ಅಲ್ಪ ಮಾಹಿತಿಯಿಂದ ಹೇಳಿದ್ದು ಅನೇಕ ಸಲ ತಪ್ಪಿತು. ಪತ್ರಿಕೆಗಳು ಗೇಲಿ ಮಾಡಿದವು. ಸಿದ್ಧಾಂತವಿಲ್ಲದ ಊಹೆ ಎಂದು ವಿಜ್ಞಾನಿಗಳು ಮೂಗು ಮುರಿದರು. ಶಂಕು ಏರಿದ ದಿನ ದೋಣಿಗಳು ದಡದಲ್ಲೇ ಉಳಿಯುವುದರಿಂದ ನಷ್ಟವೆಂದು ದೋಣಿ ಮಾಲೀಕರಲ್ಲಿ ಕೆಲವರು ಮುನಿದರು. ಫಿಟ್ಜ್‌ರಾಯ್ ದೇಹವೂ ಮನಸ್ಸೂ ದಣಿದಿದ್ದವು. ಸ್ವಂತ ಆಸ್ತಿಯನ್ನು ಸರಕಾರಿ ಕೆಲಸಕ್ಕೇ ಸುರಿದು ಕೈ ಬರಿದಾಗಿತ್ತು. 1865ರ ಏಪ್ರಿಲ್ 30ರ ಭಾನುವಾರ ಬೆಳಿಗ್ಗೆ, ಐವತ್ತೊಂಬತ್ತರ ವಯಸ್ಸಿನಲ್ಲಿ, ಆತ ತಾನಾಗಿ ಪ್ರಾಣ ಬಿಟ್ಟ. ಕುಟುಂಬಕ್ಕಾಗಿ ಮಿತ್ರರು ನಿಧಿ ಕೂಡಿಸಬೇಕಾಯಿತು. ವಿಕಾಸವಾದದ ವಿಚಾರದಲ್ಲಿ ಆತನೊಂದಿಗೆ ಮನಸ್ತಾಪವಿದ್ದ ಡಾರ್ವಿನ್ ಅದಕ್ಕೆ 100 ಪೌಂಡ್ ಕೊಟ್ಟ.

ಮರುವರ್ಷ ವಿಚಾರಣಾ ಸಮಿತಿಯೊಂದು ಮುನ್ಸೂಚನೆಗಳಿಗೆ ವೈಜ್ಞಾನಿಕ ಆಧಾರ ಸಾಲದು ಎಂದಿತು. ಪತ್ರಿಕೆಯ ಮುನ್ಸೂಚನೆ ನಿಂತಿತು. 1866ರ ಕೊನೆಗೆ ಬಂದರುಗಳ ಶಂಕುಗಳೂ ಕೆಳಗಿಳಿದವು. ಆಗ ನಡೆದದ್ದು ಗಮನಿಸಬೇಕಾದ ಸಂಗತಿ. ಎಚ್ಚರಿಕೆ ಬೇಕು ಎಂದು ದನಿಯೆತ್ತಿದವರು ಪಂಡಿತರಲ್ಲ, ಕಡಲಿನ ಜನ. ನೂರಕ್ಕೆ ನೂರು ಸರಿ ಇರಬೇಕೆಂದು ಅವರು ಕೇಳಲಿಲ್ಲ. ಹತ್ತು ಸಲ ಸುಳ್ಳಾದರೆ ಹತ್ತು ದಿನದ ದುಡಿಮೆ ಹೋಗುತ್ತದೆ. ಹನ್ನೊಂದನೆಯದು ನಿಜವಾದರೆ ಮನೆಯ ದೀಪ ಉಳಿಯುತ್ತದೆ. 1867ರಲ್ಲಿ ಬಂದರುಗಳಿಗೆ ಎಚ್ಚರಿಕೆ ಮರಳಿತು. ಪತ್ರಿಕೆಯ ಮುನ್ಸೂಚನೆಗೆ 1879ರವರೆಗೆ ಕಾಯಬೇಕಾಯಿತು.

ಎಚ್ಚರಿಕೆ ಇದ್ದರೆ ಸಾಕೇ? ಸಾಲದು. ಸ್ಕಾಟ್ಲೆಂಡಿನ ಐಮತ್ ಎಂಬ ಮೀನುಗಾರರ ಊರಿನಲ್ಲಿ 1881ರ ಅಕ್ಟೋಬರ್ 14ರ ಬೆಳಿಗ್ಗೆ ಕಡಲು ಶಾಂತವಾಗಿತ್ತು. ಆದರೆ ಪಾದರಸ ತೀರಾ ಇಳಿದಿತ್ತು. ಕೆಟ್ಟ ಹವೆಯಿಂದಾಗಿ ದುಡಿಮೆಯಿಲ್ಲದೆ ದಿನಗಳೇ ಕಳೆದಿದ್ದವು. ಮನೆಯಲ್ಲಿ ಒಲೆ ಉರಿಯಬೇಕಲ್ಲ! ದೋಣಿಗಳು ಹೊರಟವು. ಮಧ್ಯಾಹ್ನ ಎರಗಿದ ಬಿರುಗಾಳಿಗೆ ಆ ತೀರದ 189 ಮೀನುಗಾರರು ಬಲಿಯಾದರು. ಅವರಲ್ಲಿ 129 ಮಂದಿ ಅದೊಂದೇ ಊರಿನವರು. ಅವರಿಗೆ ಮಾಪಕವನ್ನು ಓದಲು ಬರುತ್ತಿತ್ತು. ದಡದಲ್ಲಿ ಉಳಿಯುವ ಶಕ್ತಿ ಇರಲಿಲ್ಲ.

ಈ ಕಥೆ ನಮ್ಮಿಂದ ದೂರದ್ದಲ್ಲ. 'ಸೈಕ್ಲೋನ್' ಎಂಬ ಹೆಸರು ಹುಟ್ಟಿದ್ದೇ ಕಲ್ಕತ್ತೆಯಲ್ಲಿ. ಹಾವಿನ ಸುರುಳಿಯನ್ನು ನೆನಪಿಸುವ ಗ್ರೀಕ್ ಮಾತಿನಿಂದ ಅದನ್ನು ರೂಪಿಸಿ, ನಾವಿಕರಿಗಾಗಿ ಬರೆದ 1848ರ ಕೈಪಿಡಿಯಲ್ಲಿ ಬಳಸಿದವನು ಅಲ್ಲಿದ್ದ ಹೆನ್ರಿ ಪಿಡಿಂಗ್ಟನ್. 1864ರ ಅಕ್ಟೋಬರಿನಲ್ಲಿ ಕಲ್ಕತ್ತೆಯನ್ನು ಚಂಡಮಾರುತ ನೆಲಸಮ ಮಾಡಿದ ಮೇಲೆ, 1865ರಲ್ಲಿ ಅಲ್ಲಿನ ಬಂದರಿಗೆ ಎಚ್ಚರಿಕೆ ವ್ಯವಸ್ಥೆ ಬಂತು. 1875ರಲ್ಲಿ ಭಾರತೀಯ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಮಂಗಳೂರು, ಕಾರವಾರ ಬಂದರುಗಳಲ್ಲಿ 3ನೆಯ ಸಂಖ್ಯೆಯ ಸಂಕೇತ ಏರಿಸಲಾಗಿದೆ ಎಂದು ಮಳೆಗಾಲದ ಪತ್ರಿಕೆಗಳಲ್ಲಿ ಓದುತ್ತೇವಲ್ಲ, ಅದು ಫಿಟ್ಜ್‌ರಾಯ್‌ನ ಶಂಕು, ಪೀಪಾಯಿಗಳ ವಂಶದ್ದೇ.

2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಎದ್ದಾಗ ಕೇರಳ, ತಮಿಳುನಾಡುಗಳ ಎಷ್ಟೋ ದೋಣಿಗಳು ಆಗಲೇ ಆಳಸಮುದ್ರದಲ್ಲಿದ್ದವು. ಉಪಗ್ರಹಗಳಿದ್ದವು, ಕಂಪ್ಯೂಟರುಗಳಿದ್ದವು. ಆದರೆ ದಡದಿಂದ ನೂರಾರು ಮೈಲಿ ಆಚೆಗೆ ಮೊಬೈಲ್ ಫೋನಿನ ಅಲೆ ಮುಟ್ಟುವುದಿಲ್ಲ. ನೂರಾರು ಮೀನುಗಾರರು ಮರಳಲಿಲ್ಲ. ಉಪಗ್ರಹದ ಮೂಲಕ ಅಷ್ಟು ದೂರಕ್ಕೂ ಎಚ್ಚರಿಕೆ ಕಳಿಸುವ 'ಜೆಮಿನಿ' ಎಂಬ ಉಪಕರಣ ಬಿಡುಗಡೆಯಾದದ್ದು 2019ರಲ್ಲಿ. ಗಾಳಿಗಿಂತ ಮುಂದೆ ಓಡುವ ಸುದ್ದಿ ಕೊನೆಯ ದೋಣಿಯವರೆಗೂ ಓಡಬೇಕು ಎಂಬ ಪಾಠವನ್ನು ಪ್ರತಿ ಪೀಳಿಗೆಯೂ ಹೊಸದಾಗಿ ಕಲಿಯುವಂತೆ ಕಾಣುತ್ತದೆ.

ನಮ್ಮ ಬಂದರುಗಳ ಸಂಕೇತಗಳಲ್ಲಿ 1ರಿಂದ 10ರವರೆಗಿನವು ಬಿರುಗಾಳಿಯ ಅಪಾಯವನ್ನು ಹೇಳುತ್ತವೆ. 11ನೆಯದು ಬೇರೆ ಬಗೆಯದು. ಎಚ್ಚರಿಕೆ ಕೇಂದ್ರದ ಸಂಪರ್ಕವೇ ಕಡಿದುಹೋಗಿದೆ ಎಂಬುದು ಅದರ ಅರ್ಥ. ಭಾರೀ ಬಿರುಗಾಳಿಯ ಸಂಕೇತಗಳಿಗೂ ಮೇಲಿನ ಸಂಖ್ಯೆಯನ್ನು ಮೌನಕ್ಕೆ ಕೊಟ್ಟವರು ಕಡಲನ್ನು ಬಲ್ಲವರೇ ಇರಬೇಕು.

ಬ್ರಿಟನ್ನಿನ ನಾವಿಕರ ಹವಾಮಾನ ವರದಿಯಲ್ಲಿ ಕಡಲಿನ ಪ್ರತಿ ವಲಯಕ್ಕೂ ಒಂದು ಹೆಸರಿದೆ. 2002ರಲ್ಲಿ ಸ್ಪೇನಿನ ವಾಯವ್ಯಕ್ಕಿರುವ ಒಂದು ವಲಯಕ್ಕೆ 'ಫಿಟ್ಜ್‌ರಾಯ್' ಎಂದು ಹೆಸರಿಟ್ಟರು. ಅಲ್ಲಿಂದೀಚೆಗೆ ಬಾನುಲಿಯಲ್ಲಿ ಆ ಹೆಸರು ದಿನವೂ ಕೇಳುತ್ತದೆ. ಅದರ ಬೆನ್ನಿಗೇ ಅಲ್ಲಿನ ಗಾಳಿಯ ದಿಕ್ಕು, ಬಿರುಸು. ಬದುಕಿದ್ದಾಗ ನಗೆಪಾಟಲಾದ ಆ ಕಪ್ತಾನನ ಹೆಸರಿಗೆ ಈಗ ಹಾಯಿ ಬಿಚ್ಚುವ ಮುಂಚೆ ಜನ ಕಿವಿಗೊಡುತ್ತಾರೆ.