ಆಕಾಶದ ಉದ್ಯೋಗ



ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯನ್ನು ನೋಡಿದವರು ಒಂದು ಸಂಗತಿಯನ್ನು ಗಮನಿಸಿರಬಹುದು. ಜೋಡೆತ್ತು ಕೊಳ್ಳಲು ಬಂದ ರೈತ ಕೊಂಬಿನ ಬಣ್ಣಕ್ಕೆ ಮರುಳಾಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ವ್ಯಾಪಾರದ ಮಾತು ಅನಂತರದ್ದು.

ಇದೇ ಸೀಮೆಯ ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆಯಿತು. ದಿನವೂ ವಿಮಾನವನ್ನು ಕಾಣುವ ಮಕ್ಕಳಿಗೆ ಅದನ್ನು ನಡೆಸುವ ಆಸೆ ಹುಟ್ಟುವುದು ಸಹಜ. ಆದರೆ ಆ ಆಸೆಗಾಗಿ ಜಮೀನು ಮಾರಲು ಹೊರಡುವ ತಂದೆತಾಯಿಗಳು ಎತ್ತು ಕೊಳ್ಳುವಾಗಿನ ವಿವೇಕವನ್ನು ಮರೆಯಬಾರದು. ಲೈಸೆನ್ಸ್ ಬೇರೆ, ಉದ್ಯೋಗ ಬೇರೆ: ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ.

ವೃತ್ತಿಪರ ಪೈಲಟ್ ಆಗಲು ಹದಿನೆಂಟು ವರ್ಷ ತುಂಬಿರಬೇಕು, ಇನ್ನೂರು ಗಂಟೆಗಳ ಹಾರಾಟ ಮುಗಿದಿರಬೇಕು; ಹವಾಮಾನ, ದಿಕ್ಕುದೆಸೆ, ವಾಯುಯಾನದ ನಿಯಮ ಮೊದಲಾದ ವಿಷಯಗಳಲ್ಲಿ ತೇರ್ಗಡೆಯಾಗಬೇಕು. ಇದಕ್ಕೆ ತಗಲುವ ವೆಚ್ಚ ಹತ್ತಾರು ಲಕ್ಷ ರೂಪಾಯಿ. ಲೈಸೆನ್ಸ್ ಕೈಗೆ ಬಂದರೂ ಪ್ರಯಾಣಿಕರ ದೊಡ್ಡ ವಿಮಾನದಲ್ಲಿ ಕೂರುವಂತಿಲ್ಲ. ಆಯಾ ಮಾದರಿಯ ವಿಮಾನಕ್ಕೆ ಬೇರೆಯೇ ತರಬೇತಿ ಬೇಕು. ಅದರ ಖರ್ಚೂ ಎಷ್ಟೋ ವೇಳೆ ಅಭ್ಯರ್ಥಿಯದೇ. ಇಷ್ಟಾದ ಮೇಲೂ ಕರೆ ಬಾರದೆ ವರ್ಷಗಟ್ಟಲೆ ಕಾದವರಿದ್ದಾರೆ. ಸಾಲದ ಬಡ್ಡಿ ಮಾತ್ರ ಕಾಯುವುದಿಲ್ಲ.

ಕೆಲಸ ಸಿಕ್ಕಿತೆನ್ನಿ. ಆರಂಭ ಸಹಚಾಲಕನಾಗಿ. ಮುಂದಿನ ದರ್ಜೆಯ ಲೈಸೆನ್ಸಿಗೆ ಒಂದೂವರೆ ಸಾವಿರ ಗಂಟೆಗಳ ಹಾರಾಟ ಬೇಕು. ಕ್ಯಾಪ್ಟನ್ ಎನಿಸಿಕೊಳ್ಳಲು ಇನ್ನೂ ಕಾಯಬೇಕಾದೀತು. ಪರೀಕ್ಷೆಗಳಂತೂ ಮುಗಿಯುವುದೇ ಇಲ್ಲ. ವರ್ಷ ವರ್ಷವೂ ವೈದ್ಯಪರೀಕ್ಷೆ, ಆರು ತಿಂಗಳಿಗೊಮ್ಮೆ ಸಿಮ್ಯುಲೇಟರಿನಲ್ಲಿ ಕೌಶಲದ ಪರೀಕ್ಷೆ. ವಕೀಲನಿಗೆ ಕಿವಿ ಮಂದವಾದರೆ ವಕೀಲಿ ನಿಲ್ಲುವುದಿಲ್ಲ. ಪೈಲಟ್ಟಿಗೆ ಹೃದಯದ ಬಡಿತ ತಪ್ಪಿದರೆ ಅನ್ನವೇ ತಪ್ಪೀತು. ಊರು ನಿದ್ರಿಸುವ ಹೊತ್ತಿನಲ್ಲಿ ಎಚ್ಚರವಾಗಿರುವುದು ಈ ವೃತ್ತಿಯ ಧರ್ಮ. ದಣಿವು ಅಪಾಯಕಾರಿ ಎಂದೇ 2024ರಲ್ಲಿ ಪ್ರಕಟವಾದ ನಿಯಮಗಳು ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48 ಗಂಟೆಗೆ ಏರಿಸಿದವು. ಅವನ್ನು ಜಾರಿಗೊಳಿಸುವಾಗ, 2025ರ ಡಿಸೆಂಬರಿನಲ್ಲಿ, ಸಾಕಷ್ಟು ಚಾಲಕರನ್ನು ಹೊಂದಿಸಲಾಗದೆ ಇಂಡಿಗೋದ ಸಾವಿರಾರು ಹಾರಾಟಗಳು ರದ್ದಾದವು.

ಸಂಸ್ಥೆಗಳ ಆಯುಸ್ಸನ್ನೂ ನಂಬುವಂತಿಲ್ಲ. ಕಿಂಗ್‌ಫಿಷರ್ 2012ರಲ್ಲಿ, ಜೆಟ್ ಏರ್‌ವೇಸ್ 2019ರಲ್ಲಿ, ಗೋ ಫಸ್ಟ್ 2023ರಲ್ಲಿ ಹಾರಾಟ ನಿಲ್ಲಿಸಿದವು. ನಿನ್ನೆ ಹೂಗುಚ್ಛ ಪಡೆದ ಕ್ಯಾಪ್ಟನ್ ಇಂದು ಬಾಕಿ ಸಂಬಳಕ್ಕಾಗಿ ಅಲೆದದ್ದುಂಟು.

ಹಾಗಾದರೆ ಈ ಹಾದಿ ಬೇಡವೆ? ಬೇಡವೆನ್ನಲು ನಾನು ಬಂದಿಲ್ಲ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಸಹಚಾಲಕಿಯರು ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮಾರ್ಗವಾಗಿ ಹಾರಿ ಬಂದು ಇಳಿದದ್ದು ಇದೇ ದೇವನಹಳ್ಳಿಯಲ್ಲಿ. ಅಂಥ ಸಾಧನೆಯನ್ನು ಕಂಡ ಹುಡುಗಿಗೆ ‘ನಿನಗೇಕಮ್ಮ ಇದು’ ಎನ್ನುವ ಹಕ್ಕು ಯಾರಿಗೂ ಇಲ್ಲ. ಹಣವಿಲ್ಲದವರಿಗೆ ವಾಯುಪಡೆಯ ದಾರಿಯೂ ಇದೆ. ಅಲ್ಲಿ ಆಯ್ಕೆ ಕಠಿಣ, ಸೇವೆಯ ಕಟ್ಟುಪಾಡು ದೀರ್ಘ; ಆದರೆ ತರಬೇತಿಯ ಹೊರೆ ಸರ್ಕಾರದ್ದು. ನಮ್ಮ ಬೀದರಿನಲ್ಲಿ ಯುದ್ಧವಿಮಾನದ ಚಾಲಕರು ಪಳಗುತ್ತಾರೆ.

ಆದ್ದರಿಂದ ಹಿರಿಯರಲ್ಲಿ ನನ್ನ ವಿನಂತಿ ಇದು. ಶುಲ್ಕ ಕಟ್ಟುವ ಮೊದಲೇ ವೈದ್ಯಪರೀಕ್ಷೆ ಮಾಡಿಸಿ. ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ದೋಷ ಎಷ್ಟೋ ಮಕ್ಕಳಿಗೆ ತಿಳಿದೇ ಇರುವುದಿಲ್ಲ. ಎರಡು ವರ್ಷ ಸಂಬಳವಿಲ್ಲದಿದ್ದರೂ ಸಾಲದ ಕಂತು ಕಟ್ಟಬಲ್ಲೆವೇ ಎಂದು ಲೆಕ್ಕ ಹಾಕಿ. ಹಾರಾಟದ ಜೊತೆಗೆ ನೆಲದ ಮೇಲೆ ಅನ್ನ ಕೊಡುವ ಇನ್ನೊಂದು ವಿದ್ಯೆಯನ್ನೂ ಮಕ್ಕಳಿಗೆ ಕಲಿಸಿ. ಜಮೀನಿನ ಮಾತು ಎಲ್ಲಕ್ಕೂ ಕೊನೆಗಿರಲಿ. ಇಷ್ಟನ್ನೂ ತಿಳಿದು, ಆದರೂ ಹೋಗುತ್ತೇನೆ ಎನ್ನುವ ಮಗುವನ್ನು ಮನಸಾರೆ ಹರಸಿ ಕಳುಹಿಸಿ.