ಪ್ರಾಣ ಕೊಟ್ಟು ಉಳಿಸಿದ ಗ್ರಂಥ
(ಸಂತ ಅಥನಾಸಿಯುಸರ ಹಬ್ಬ, ಮೇ 2)



ಅಲೆಕ್ಸಾಂಡ್ರಿಯದ ಧರ್ಮಾಧ್ಯಕ್ಷರಾದ ಸಂತ ಅಥನಾಸಿಯುಸರು ಕ್ರಿ.ಶ. 367ರ ತಮ್ಮ ಪಾಸ್ಖ ಹಬ್ಬದ ಪತ್ರದಲ್ಲಿ ಹೊಸ ಒಡಂಬಡಿಕೆಯ 27 ಗ್ರಂಥಗಳನ್ನು ಹೆಸರಿಸಿದರು. ಇಂದು ನಮ್ಮ ಬೈಬಲಿನಲ್ಲಿರುವುದೂ ಅವೇ.

ಈ ಪಟ್ಟಿ ಒಂದೇ ದಿನದಲ್ಲಿ ಸಿದ್ಧವಾದುದಲ್ಲ. ಸುಮಾರು 150ರಲ್ಲೇ ರೋಮಿನ ವಿಶ್ವಾಸಿಗಳು ಭಾನುವಾರದ ಆರಾಧನೆಯಲ್ಲಿ ಪ್ರೇಷಿತರ ಬರಹಗಳನ್ನು ಓದಿಸಿ ಕೇಳುತ್ತಿದ್ದರೆಂದು ಸಂತ ಜಸ್ಟಿನರು ತಿಳಿಸುತ್ತಾರೆ. 200ರ ಸುಮಾರಿಗೆ ಸಂತ ಪೇತ್ರರ ಹೆಸರು ಹೊತ್ತ ಒಂದು ಶುಭಸಂದೇಶ ಹಬ್ಬಿತು. ಅಂತಿಯೋಕ್ಯದ ಧರ್ಮಾಧ್ಯಕ್ಷ ಸೆರಾಪಿಯೋನರು ಮೊದಲು ಅದನ್ನು ಓದಲು ಅನುಮತಿಸಿದರು. ತಾವೇ ಓದಿ ನೋಡಿದಾಗ ನಿಜಬೋಧನೆಗೆ ಒಪ್ಪದ ಮಾತುಗಳು ಕಂಡವು, ಅದನ್ನು ತಳ್ಳಿಹಾಕಿದರು. ದೊಡ್ಡ ಹೆಸರಿದ್ದರೆ ಸಾಲದು, ಪ್ರೇಷಿತರಿಂದ ಬಂದ ವಿಶ್ವಾಸ ಅದರಲ್ಲಿರಬೇಕು.

303ರಲ್ಲಿ ಚಕ್ರವರ್ತಿ ಡಯೊಕ್ಲೀಷಿಯನ್ ಕ್ರೈಸ್ತರ ಗ್ರಂಥಗಳನ್ನು ಸುಡಲು ಆಜ್ಞಾಪಿಸಿದ. ಹೆದರಿ ಒಪ್ಪಿಸಿದವರಿದ್ದರು. ಆದರೆ ಉತ್ತರ ಆಫ್ರಿಕದ ಧರ್ಮಾಧ್ಯಕ್ಷ ಸಂತ ಫೆಲಿಕ್ಸರು ಒಪ್ಪಿಸದೆ ಪ್ರಾಣವನ್ನೇ ಕೊಟ್ಟರು. ಯಾವ ಗ್ರಂಥವನ್ನು ಬಿಟ್ಟುಕೊಡಬಾರದೆಂಬುದು ಅಂದು ಸಾವು ಬದುಕಿನ ಪ್ರಶ್ನೆಯಾಗಿತ್ತು.

ಹೀಗೆ ಪೂಜೆಯಲ್ಲಿ ಕೇಳಿ, ಪರೀಕ್ಷಿಸಿ, ನೆತ್ತರು ಸುರಿಸಿ ಧರ್ಮಸಭೆ ಈ ಗ್ರಂಥಗಳನ್ನು ದೇವರ ವಾಕ್ಯವೆಂದು ಗುರುತಿಸಿತು. ಅವರು ಕೈಬಿಡದ ಗ್ರಂಥವನ್ನು ನಾವು ಕೈಗೆತ್ತಿಕೊಳ್ಳುತ್ತಿದ್ದೇವೆಯೇ? ಇಂದಿನ ಕುಟುಂಬ ಪ್ರಾರ್ಥನೆಯಲ್ಲಿ ಒಂದು ಅಧ್ಯಾಯವನ್ನಾದರೂ ಒಟ್ಟಾಗಿ ಓದೋಣ. ಆಮೆನ್.