ಕೆರೆಯ ಲೆಕ್ಕ ಮತ್ತು ಸಂಶೋಧನೆ: ಗ್ರಾಮ ಪಂಚಾಯಿತಿಗಳ ಹೊಣೆ

(ಅರಸೀಕೆರೆ ಮತ್ತು ಬೇಲೂರು ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಹಳೇಬೀಡಿನಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ನಾವು ಕುಳಿತಿರುವ ಈ ಊರು ಹೊಯ್ಸಳರ ಕಾಲದಲ್ಲಿ ದೋರಸಮುದ್ರವೆಂದು ಕರೆಯಲ್ಪಟ್ಟಿತ್ತು. ರಾಜಧಾನಿಯ ಹೆಸರೂ ಕೆರೆಯ ಹೆಸರೂ ಒಂದೇ ಆಗಿದ್ದವು. ಅರಸೀಕೆರೆಯ ಹೆಸರಿನಲ್ಲಿಯೂ ಕೆರೆಯೇ ಇದೆ. 2023ರಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಆ ಶಿಲ್ಪಗಳನ್ನು ಕುರಿತು ಗ್ರಂಥಗಳೇ ರಚಿತವಾಗಿವೆ. ಆದರೆ ನಮ್ಮ ಊರಿನ ಕೆರೆಗೆ ಕಳೆದ ವರ್ಷ ಎಷ್ಟು ನೀರು ಬಂದಿತೆಂದು ಕೇಳಿದರೆ, ‘ಕೋಡಿ ಬಿತ್ತು’ ಅಥವಾ ‘ಬೀಳಲಿಲ್ಲ’ ಎಂಬುದರಾಚೆಗೆ ನಮ್ಮಲ್ಲಿ ಬಹುತೇಕರ ಬಳಿ ಉತ್ತರವಿಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ಹಿಂದೆ ಸೇವೆ ಸಲ್ಲಿಸಿದ ಪಂಚಾಯಿತಿಯಲ್ಲಿ ಕೆರೆಯ ಹೂಳೆತ್ತುವ ಕಾಮಗಾರಿಯನ್ನು ಕ್ರಿಯಾಯೋಜನೆಗೆ ಸೇರಿಸಬೇಕೆಂದು ಒತ್ತಾಯಿಸಿದವನು ನಾನೇ. ತೆಗೆದ ಹೂಳಿನ ಲೆಕ್ಕ ತಪ್ಪಲಿಲ್ಲ. ಆದರೆ ಮುಂದಿನ ಮಳೆಗಾಲದಲ್ಲಿ ಕೆರೆ ತುಂಬಲಿಲ್ಲ. ಆಮೇಲೆ ಹಳ್ಳದ ಗುಂಟ ನಡೆದು ನೋಡಿದಾಗ, ನೀರು ಬರುವ ದಾರಿಯೇ ಅಲ್ಲಲ್ಲಿ ಮುಚ್ಚಿಹೋಗಿರುವುದು ಕಂಡಿತು. ಪಾತ್ರೆಯನ್ನು ಆಳ ಮಾಡಿದ್ದೆವು. ನೀರು ಎಲ್ಲಿಂದ ಬರಬೇಕೆಂದು ನೋಡಿರಲಿಲ್ಲ.

ಒಂದು ಸರಳ ಲೆಕ್ಕವನ್ನು ಗಮನಿಸಿರಿ. ಒಂದು ಹೆಕ್ಟೇರ್ ಮೇಲೆ ಒಂದು ಮಿಲಿಮೀಟರ್ ನೀರೆಂದರೆ 10 ಘನ ಮೀಟರ್. 500 ಹೆಕ್ಟೇರ್ ಜಲಾನಯನದಿಂದ ಹರಿದು ಬರುವ ನೀರು ವರ್ಷಕ್ಕೆ 20 ಮಿಲಿಮೀಟರಿನಷ್ಟು ಕಡಿಮೆಯಾದರೆ ಕೆರೆಗೆ ಒಂದು ಲಕ್ಷ ಘನ ಮೀಟರ್ ನೀರು ನಷ್ಟ. ಹತ್ತು ಹೆಕ್ಟೇರ್ ಕೆರೆಯಂಗಳವನ್ನು ಒಂದು ಮೀಟರ್ ಅಗೆದರೆ ದೊರೆಯುವ ಜಾಗವೂ ಅಷ್ಟೇ. ಜಾಗ ಸಿದ್ಧವಾಗುತ್ತದೆ, ನೀರು ಮಾತ್ರ ಬರುವುದಿಲ್ಲ.

ನೀರು ಏಕೆ ಬರುತ್ತಿಲ್ಲ ಎಂಬುದನ್ನು ಊಹೆಯಿಂದ ತೀರ್ಮಾನಿಸಲಾಗದು. ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಅರ್ಕಾವತಿಯ ಹರಿವು ಕುಗ್ಗಿದ ಬಗೆಯನ್ನು ಸಂಶೋಧಕರು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮಳೆ ಕಡಿಮೆಯಾದದ್ದು ಅದಕ್ಕೆ ಕಾರಣವಲ್ಲವೆಂದು ತಿಳಿಯಿತು. ಅಂತರ್ಜಲವನ್ನು ಮೇಲೆತ್ತಿದ್ದು ಮತ್ತು ನೀಲಗಿರಿ ತೋಪುಗಳು ಹಬ್ಬಿದ್ದೇ ಮುಖ್ಯ ಕಾರಣಗಳೆಂದು ಅವರು ಕಂಡುಕೊಂಡರು. ಚಾಮರಾಜನಗರ ಜಿಲ್ಲೆಯ ಬೇರಂಬಾಡಿ ಜಲಾನಯನದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧಕರು ಜೊತೆಗೂಡಿ ರೈತರ ಕೊಳವೆಬಾವಿಗಳ ನೀರಿನ ಮಟ್ಟವನ್ನು ಅನೇಕ ವರ್ಷಗಳಿಂದ ಅಳೆಯುತ್ತ ಬಂದಿದ್ದಾರೆ.

ಇಂತಹ ಕೆಲಸ ನಮ್ಮಲ್ಲಿಯೂ ನಡೆಯಬಹುದು. ಪಿಎಚ್.ಡಿ. ಮುಗಿಸಿದ ಯುವ ವಿಜ್ಞಾನಿಗಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಪೋಸ್ಟ್ ಡಾಕ್ಟೊರಲ್ ಫೆಲೋಶಿಪ್ ಎರಡು ವರ್ಷಗಳ ಮಟ್ಟಿಗೆ ದೊರೆಯುತ್ತದೆ. ಯಗಚಿ ಜಲಾಶಯವಿರುವ ಬೇಲೂರು, ಮಳೆ ಕಡಿಮೆಯಾದ ಅರಸೀಕೆರೆ, ಹೊಯ್ಸಳರ ಕಾಲದ ಹಳೇಬೀಡಿನ ಕೆರೆ, ಈ ಮೂರೂ ಒಂದೇ ದಿನದಲ್ಲಿ ಸುತ್ತಿಬರಬಹುದಾದ ದೂರದಲ್ಲಿರುವುದು ಜಲಸಂಶೋಧಕರಿಗೆ ಅಪರೂಪದ ಅನುಕೂಲ. ನಮ್ಮ ತಾಲ್ಲೂಕುಗಳಲ್ಲಿಯೇ ಹುಟ್ಟಿ ಬೆಳೆದು ಡಾಕ್ಟರೇಟ್ ಪಡೆದವರಿದ್ದರೆ ಅವರಿಗೂ ಈ ಸಂಗತಿಯನ್ನು ತಿಳಿಸಿರಿ.

ಆದರೆ ಎರಡು ವರ್ಷಗಳಿಗೆ ಬರುವವರಿಗೆ ಹಿಂದಿನ ದಾಖಲೆ ಬೇಕು. ಗ್ರಾಮ ಪಂಚಾಯಿತಿ ಮಟ್ಟದ ಮಳೆಯ ಮಾಹಿತಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಲಭ್ಯವಿದೆ. ಕೆರೆಯ ಮಟ್ಟವನ್ನು ಬರೆದಿಡಬೇಕಾದವರು ನಾವು. ಆದ್ದರಿಂದ ತಮ್ಮಲ್ಲಿ ಮೂರು ವಿನಂತಿಗಳು.

ಮೊದಲನೆಯದಾಗಿ, ತೂಬಿನ ಬಳಿ ಅಳತೆಪಟ್ಟಿಯನ್ನು ನಿಲ್ಲಿಸಿ, ವಾರಕ್ಕೊಮ್ಮೆ ನೀರಿನ ಮಟ್ಟವನ್ನು ಪುಸ್ತಕದಲ್ಲಿ ಬರೆಸಿರಿ. ನೀರಗಂಟಿ ಅಥವಾ ಶಾಲೆಯ ಮಕ್ಕಳು ಇದನ್ನು ಮಾಡಬಲ್ಲರು.

ಎರಡನೆಯದಾಗಿ, ಹೂಳೆತ್ತುವ ನಿರ್ಣಯ ಕೈಗೊಳ್ಳುವ ಮುನ್ನ ಸದಸ್ಯರೆಲ್ಲರೂ ಕೆರೆಗೆ ನೀರು ತರುವ ಹಳ್ಳದ ಗುಂಟ ಒಮ್ಮೆ ನಡೆಯಿರಿ.

ಮೂರನೆಯದಾಗಿ, ಸಂಶೋಧಕರು ಬಂದರೆ ಸಹಕರಿಸಿರಿ. ಜೊತೆಗೆ ಷರತ್ತನ್ನೂ ಇಡಿರಿ. ಅವರು ಕಂಡುಕೊಂಡದ್ದನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ವಿವರಿಸಬೇಕು, ಅಳತೆಗಳ ಒಂದು ಪ್ರತಿಯನ್ನು ಪಂಚಾಯಿತಿಗೆ ಒಪ್ಪಿಸಬೇಕು. ನಮ್ಮ ನೀರಿನ ಮಾಹಿತಿ ನಮಗೇ ತಿಳಿಯದೆ ಹೋಗಬಾರದು.

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ ಕೆರೆಗಳು ಪಂಚಾಯತ್ ರಾಜ್ ವ್ಯವಸ್ಥೆಯ ಹೊಣೆ. ಏರಿ ಕಟ್ಟಿದವರು ನಮ್ಮ ಹಿರಿಯರು. ಲೆಕ್ಕ ಬರೆದಿಡುವ ಕೆಲಸವನ್ನಾದರೂ ನಾವು ಮಾಡೋಣ. ಅದಕ್ಕೆ ಬೇಕಾಗಿರುವುದು ಒಂದು ಅಳತೆಪಟ್ಟಿ ಮತ್ತು ಒಂದು ಪುಸ್ತಕ ಮಾತ್ರ.